ಅಂಗಳದಲ್ಲಿ ನಿಂತ ಕಾರೂ ಒಂದು ಬಾವಿ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಮಾರ್ಚ್ ತಿಂಗಳಲ್ಲಿ ಪೋಷಕರ ಸಭೆ ಇತ್ತು. ನಿಂತ ಕಾರಿನ ಬಿಸಿಯಲ್ಲಿ ಸಿಕ್ಕಿಕೊಳ್ಳುವ ಮಕ್ಕಳ ಬಗ್ಗೆ, ಮಕ್ಕಳ ಡಾಕ್ಟರಾದ ನಾನು ಅಲ್ಲಿ ಆಡಿದ ಮಾತನ್ನು ಬರೆದುಕೊಡಿ ಎಂದು ಕೆಲವರು ಕೇಳಿದರು. ಅಂದು ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರ ಮನೆಯಲ್ಲಿ ಬಾವಿ ಇದೆ. ಮಗು ಅಂಬೆಗಾಲಿಡಲು ಶುರು ಮಾಡಿದರೆ ಸಾಕು, ಬಾವಿ ಕಟ್ಟೆಯ ಎತ್ತರ ಸಾಕಾ ಎಂದು ಮನೆಯ ಹಿರಿಯರು ನೋಡುತ್ತಾರೆ. ಮೇಲೆ ಕಬ್ಬಿಣದ ಬಲೆ ಹಾಕಿಸುತ್ತಾರೆ. ಮಗು ಎರಡು ನಿಮಿಷ ಕಣ್ಣಿಗೆ ಬೀಳದಿದ್ದರೆ ಮೊದಲು ಓಡುವುದು ಬಾವಿ ಹತ್ತಿರ. ಆಮೇಲೆ ತೋಟದ ಕೆರೆ ಹತ್ತಿರ. ಇದನ್ನು ನಮಗೆ ಯಾರೂ ಕೂರಿಸಿ ಪಾಠ ಮಾಡಲಿಲ್ಲ. ಅಜ್ಜಿಯರ ಕೂಗಿನಲ್ಲೇ ಕಲಿತೆವು.

ಈಗ ಅದೇ ಅಂಗಳದಲ್ಲಿ ಕಾರು ನಿಂತಿದೆ. ಕೆಲವರ ಮನೆಯಲ್ಲಿ ಕಾರಿನ ಜೊತೆ ಪಿಕಪ್ಪೂ ಇದೆ. ರಸ್ತೆಯಲ್ಲಿ ಓಡುವ ಗಾಡಿಗೆ ನಾವು ಹೆದರುತ್ತೇವೆ, ಮಗುವಿನ ಕೈ ಹಿಡಿದುಕೊಳ್ಳುತ್ತೇವೆ. ನಿಂತ ಗಾಡಿಗೆ ಮಾತ್ರ ಯಾರೂ ಹೆದರುವುದಿಲ್ಲ. ನಾನು ಇವತ್ತು ಬಂದಿರುವುದು ಆ ನಿಂತ ಗಾಡಿಯ ಬಗ್ಗೆ ಮಾತಾಡಲು.

ಮೊದಲು ನಮ್ಮ ಮನೆಯದ್ದೇ ಒಂದು ಘಟನೆ ಹೇಳುತ್ತೇನೆ. ಮೂರು ವರ್ಷದ ಹಿಂದೆ ಹೊಸನಗರದ ಕಡೆ ನೆಂಟರ ಮನೆಯಲ್ಲಿ ಉಪನಯನ ಇತ್ತು. ಏಪ್ರಿಲ್ ಕೊನೆ. ನನ್ನ ತಂಗಿಯ ಮಗಳು ಬೆಂಗಳೂರಿನಿಂದ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದಳು. ಎರಡನೇ ಪಂಕ್ತಿಗೆ ಕೂರುವಾಗ "ದೊಡ್ಡಮ್ಮ, ಪುಟ್ಟನ್ನ ಸ್ವಲ್ಪ ನೋಡ್ಕೋತೀರಾ" ಎಂದಳು. "ನೀನು ಊಟ ಮಾಡು, ನಾನಿದೀನಲ್ಲ" ಎಂದೆ. ಅಷ್ಟರಲ್ಲಿ ಯಾರೋ ಬಂದು ತಮ್ಮ ಮೊಮ್ಮಗಳ ಕೆಮ್ಮಿನ ಬಗ್ಗೆ ಕೇಳಿದರು. ಮಾತಿಗೆ ನಿಂತೆ. ಪುಟ್ಟ ಅವನ ಮಾವನ ಜೊತೆ ಜಗುಲಿಯಲ್ಲಿದ್ದಾನೆ ಅಂದುಕೊಂಡೆ. ಮಾವ, ಅವನು ಅಜ್ಜನ ಹತ್ತಿರ ಇದ್ದಾನೆ ಅಂದುಕೊಂಡ. ಅಜ್ಜ, ಅಮ್ಮನ ಹತ್ತಿರ ಓಡಿದ ಅಂದುಕೊಂಡರು. ಇನ್ನೂರು ಜನ ಇದ್ದ ಮನೆ. ಆ ಮಗುವನ್ನು ನೋಡಿಕೊಳ್ಳಲು ನಾವು ನಾಲ್ಕು ಜನ ಇದ್ದೆವು. ನೋಡುತ್ತಿದ್ದವರು ಒಬ್ಬರೂ ಇರಲಿಲ್ಲ.

ಊಟ ಮುಗಿಸಿ ಬಂದವಳು "ಪುಟ್ಟ ಎಲ್ಲಿ?" ಎಂದಾಗ ನಾವೆಲ್ಲ ಬಾವಿಗೆ ಓಡಿದೆವು. ಕೆರೆ ನೋಡಿದೆವು. ಕೊಟ್ಟಿಗೆ, ಅಟ್ಟ ಎಲ್ಲ ಹುಡುಕಿದೆವು. ಗಾಡಿಗಳು ಮನೆ ಪಕ್ಕದ ಬ್ಯಾಣದಲ್ಲಿ, ಅಂದರೆ ಹುಲ್ಲು ಬಯಲಿನಲ್ಲಿ, ಸಾಲಾಗಿ ನಿಂತಿದ್ದವು. ಆ ಕಡೆ ನೋಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಊಟದ ಎಲೆ ಎಸೆಯಲು ಹೋಗಿದ್ದ ಅಡುಗೆಯವರ ಹುಡುಗ ಒಂದು ಕಾರಿನ ಗಾಜಿನ ಮೇಲೆ ಪುಟ್ಟ ಕೈಯೊಂದನ್ನು ನೋಡಿ ಕೂಗಿಕೊಂಡ. ಅದು ನಮ್ಮ ಕಾರೂ ಅಲ್ಲ. ಯಾರೋ ಲಾಕ್ ಮಾಡದೆ ಬಿಟ್ಟಿದ್ದರು. ಮಗು ಹಿಂದಿನ ಡೋರ್ ತೆಗೆದು ಒಳಗೆ ಹೋಗಿ ಎಳೆದುಕೊಂಡಿದೆ. ಆ ಡೋರಿಗೆ ಚೈಲ್ಡ್ ಲಾಕ್ ಹಾಕಿತ್ತು. ಒಳಗಿನಿಂದ ತೆಗೆಯಲು ಬರಲಿಲ್ಲ.

ಹೊರಗೆ ತೆಗೆದಾಗ ಮುಖ ಕೆಂಪಗೆ ಕಾದಿತ್ತು. ಕೂದಲು ಸ್ನಾನ ಮಾಡಿಸಿದ ಹಾಗೆ ಒದ್ದೆ. ಅಂಗಿ ಮೇಲೆ ವಾಂತಿ. ಅಳಲೂ ಧ್ವನಿ ಇರಲಿಲ್ಲ. ಹೆಚ್ಚೆಂದರೆ ಇಪ್ಪತ್ತೈದು ನಿಮಿಷ ಆಗಿರಬಹುದು. ಅವನು ಉಳಿದುಕೊಂಡ. ಇನ್ನೊಂದು ಇಪ್ಪತ್ತು ನಿಮಿಷ ಆಗಿದ್ದರೆ ಏನಾಗುತ್ತಿತ್ತು ಅಂತ ಮಕ್ಕಳ ಡಾಕ್ಟರಾಗಿ ನನಗೆ ಗೊತ್ತು. ಆ ಲೆಕ್ಕ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವತ್ತಿನಿಂದಲೇ ಈ ವಿಷಯದ ಬಗ್ಗೆ ಓದಲು ಶುರು ಮಾಡಿದೆ.

ಓದುತ್ತಾ ಹೋದಂತೆ ನಮ್ಮ ಮನೆಯಲ್ಲಿ ಆದದ್ದು ಅಪರೂಪದ್ದೇನೂ ಅಲ್ಲ ಅಂತ ತಿಳಿಯಿತು. 2024ರ ಮೇ ತಿಂಗಳಲ್ಲಿ ರಾಜಸ್ಥಾನದ ಕೋಟಾ ಹತ್ತಿರ ಒಂದು ಕುಟುಂಬ ಮದುವೆಗೆ ಹೋಗಿತ್ತು. ತಾಯಿ ದೊಡ್ಡ ಮಗಳ ಜೊತೆ ಇಳಿದು ಒಳಗೆ ಹೋದರು. ಇಬ್ಬರೂ ಮಕ್ಕಳು ತಾಯಿ ಜೊತೆ ಇಳಿದಿದ್ದಾರೆ ಎಂದುಕೊಂಡ ತಂದೆ ಕಾರು ನಿಲ್ಲಿಸಿ ಲಾಕ್ ಮಾಡಿ ಬಂದರು. ಚಿಕ್ಕವಳು ಅಪ್ಪನ ಜೊತೆ ಇದ್ದಾಳೆ ಅಂತ ತಾಯಿ ಅಂದುಕೊಂಡರು. ಸುಮಾರು ಎರಡು ಗಂಟೆ ಇಬ್ಬರೂ ಬೇರೆ ಬೇರೆ ಕಡೆ ನೆಂಟರ ಜೊತೆ ಮಾತಾಡುತ್ತಿದ್ದರು. ಮೂರು ವರ್ಷದ ಮಗು ಕಾರಿನಲ್ಲೇ ಇತ್ತು. ಅದು ಬದುಕಲಿಲ್ಲ.

"ನಿಮ್ ಹತ್ರ ಇದ್ದಾಳೆ ಅಂದ್ಕೊಂಡೆ." ಈ ಮಾತನ್ನು ನಮ್ಮ ಮದುವೆ, ಮುಂಜಿ, ಜಾತ್ರೆಗಳಲ್ಲಿ ಎಷ್ಟು ಸಲ ಕೇಳಿಲ್ಲ ಹೇಳಿ?

ಇನ್ನೊಂದು ಥರದ ಸಾವು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಸುದ್ದಿಯಾಗುತ್ತದೆ. ಮಕ್ಕಳು ಆಡುತ್ತಾ ತಾವೇ ಕಾರಿನೊಳಗೆ ಹೋಗುವುದು. 2022ರ ಜೂನ್‌ನಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ಮೂರು ಮಕ್ಕಳು ಹೀಗೆ ತೀರಿಕೊಂಡರು. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯ ದ್ವಾರಪೂಡಿಯಲ್ಲಿ ನಾಲ್ಕು ಮಕ್ಕಳು ತೀರಿಕೊಂಡರು. 2024ರ ನವೆಂಬರ್‌ನಲ್ಲಿ ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ ಒಂದೇ ಮನೆಯ ನಾಲ್ಕು ಮಕ್ಕಳು.

ಆ ಅಮ್ರೇಲಿಯದ್ದರ ಹತ್ತಿರ ಸ್ವಲ್ಪ ನಿಲ್ಲಬೇಕು. ಅದು ದೀಪಾವಳಿ ಆಸುಪಾಸಿನ ದಿನ, ಬೇಸಿಗೆ ಅಲ್ಲ. ತಂದೆ ತಾಯಿ ಬೇರೆ ರಾಜ್ಯದಿಂದ ಕೂಲಿಗೆ ಬಂದವರು, ಹೊಲದಲ್ಲಿ ಕೆಲಸ ಮಾಡುತ್ತಿದ್ದರು. ಮಕ್ಕಳು ಆಡಿಕೊಳ್ಳುತ್ತಾ ಹೊಲದ ಮಾಲೀಕರ ಕಾರಿನೊಳಗೆ ಹೋದರು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮದೇ ಅಡಿಕೆ ಕೊಯ್ಲು. ದೀಪಾವಳಿಯಿಂದ ಶುರುವಾಗಿ ಬೇಸಿಗೆ ಹತ್ತಿರ ಬರುವವರೆಗೂ ನಮ್ಮ ತೋಟ, ಅಂಗಳಗಳಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಮ್ಮ ಅಡಿಕೆ ಸುಲಿಯಲು ಕೂತರೆ ಮಗು ಅಲ್ಲೇ ಚಪ್ಪರದ ಕೆಳಗೆ ಆಡುತ್ತದೆ. ಪಕ್ಕದಲ್ಲೇ ನಮ್ಮ ಕಾರು, ಲಾಕ್ ಇಲ್ಲದೆ. ಹಳ್ಳಿಯಲ್ಲಿ ಯಾರು ಕದೀತಾರೆ ಅಂತ ನಾವು ಲಾಕ್ ಮಾಡುವುದಿಲ್ಲ. ಕೀಯನ್ನೂ ಅದರಲ್ಲೇ ಬಿಡುವವರಿದ್ದಾರೆ. ಇಂಥಲ್ಲಿ ಅನಾಹುತ ಆದರೆ "ಅಪ್ಪ ಅಮ್ಮ ಮಗೂನ ನೋಡ್ಕೊಳ್ಳಲಿಲ್ಲ" ಅಂದುಬಿಡುವುದು ಸುಲಭ. ದಿನವಿಡೀ ಸುಲಿದರೆ ಮಾತ್ರ ಕೂಲಿ ಸಿಗುವ ಹೆಂಗಸು ಮಗುವನ್ನು ಎಲ್ಲಿ ಬಿಡಬೇಕು? ಕಾರು ಯಾರದೋ, ಜವಾಬ್ದಾರಿಯೂ ಅವರದೇ. ನನ್ನ ಅಂಗಳದ ಬಾವಿಗೆ ಕಟ್ಟೆ ಕಟ್ಟಿಸಬೇಕಾದವಳು ನಾನೇ ಅಲ್ವಾ? ಅಲ್ಲಿ ಆಡುವ ಮಗು ಯಾರದ್ದಾದರೂ ಆಗಿರಲಿ.

ಈಗ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಪೇಪರಿನಲ್ಲಿ ಯಾವಾಗಲೂ "ಕಾರಿನಲ್ಲಿ ಉಸಿರುಗಟ್ಟಿ ಮಕ್ಕಳ ಸಾವು" ಎಂದು ಬರೆಯುತ್ತಾರೆ. ಈ ಪದವೇ ನಮ್ಮ ದಾರಿ ತಪ್ಪಿಸುತ್ತದೆ. ಉಸಿರುಗಟ್ಟುವುದು ಅಂದ ಕೂಡಲೇ ಗ್ಲಾಸ್ ಎರಡು ಬೆರಳು ಇಳಿಸಿದರೆ ಸಾಕು ಅನಿಸುತ್ತದೆ. ಒಳಗಿನ ಗಾಳಿ ಮುಗಿಯುವುದಕ್ಕಿಂತ ಎಷ್ಟೋ ಮುಂಚೆ ಬಿಸಿ ಮಗುವನ್ನು ಕೊಲ್ಲುತ್ತದೆ.

ನಿಮ್ಮಲ್ಲಿ ಕೆಲವರು ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಡ್ರೈಯರ್ ಮಾಡಿಕೊಂಡಿದ್ದೀರಿ. ಮಧ್ಯಾಹ್ನ ಅದರೊಳಗೆ ಹೋಗಿ ಅಡಿಕೆ ಕೈಯಾಡಿಸಿ ಬರುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಹೊರಗೆ ಗಾಳಿ ಬೀಸುತ್ತಿದ್ದರೂ ಒಳಗೆ ನಿಲ್ಲಲು ಆಗುವುದಿಲ್ಲ. ಕಾರೂ ಅದೇ. ಬಿಸಿಲು ಗಾಜಿನ ಮೂಲಕ ಒಳಗೆ ಬಂದು ಸೀಟು, ಡ್ಯಾಶ್‌ಬೋರ್ಡ್ ಕಾಯಿಸುತ್ತದೆ. ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಅಡಿಕೆ ಒಣಗಿಸಲು ನಾವು ಬೇಕೆಂದೇ ಮಾಡಿಕೊಂಡ ಗೂಡು ಎಂಥದ್ದೋ, ನಿಂತ ಕಾರು ತಾನಾಗಿಯೇ ಅಂಥದ್ದಾಗುತ್ತದೆ.

"ನಮ್ಮದು ಮಲೆನಾಡು, ತಂಪು" ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು ಇದನ್ನೇ ಅಳೆದು ನೋಡಿದರು. ತೀರಾ ಬಿಸಿ ಇಲ್ಲದ ದಿನಗಳನ್ನೂ ಆರಿಸಿಕೊಂಡರು. ಒಂದು ಗಂಟೆಯಲ್ಲಿ ಕಾರಿನೊಳಗಿನ ಬಿಸಿ ಹೊರಗಿಗಿಂತ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಆ ಏರಿಕೆಯ ನೂರಕ್ಕೆ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಗ್ಲಾಸ್ ಸ್ವಲ್ಪ ಇಳಿಸಿ ನೋಡಿದರು, ಹೇಳಿಕೊಳ್ಳುವಷ್ಟು ವ್ಯತ್ಯಾಸ ಆಗಲಿಲ್ಲ. ಹೊರಗೆ ಬರೀ 22 ಡಿಗ್ರಿ ಇದ್ದ ದಿನ ಕೂಡ ಬಿಸಿಲಲ್ಲಿ ನಿಂತ ಕಾರಿನೊಳಗೆ ಗಂಟೆಯಲ್ಲಿ 47 ಡಿಗ್ರಿ ತಲುಪಿತ್ತು. 22 ಡಿಗ್ರಿ ಅಂದರೆ ನಾವು ಸ್ವೆಟರ್ ಹುಡುಕುವ ಹವೆ. ಶಿವಮೊಗ್ಗ ಪೇಟೆಯಲ್ಲಿ ಏಪ್ರಿಲ್ ಮಧ್ಯಾಹ್ನ 36, 37 ಡಿಗ್ರಿ ಇರುತ್ತದೆ. ದುರ್ಗಿಗುಡಿಯಲ್ಲೋ ಗಾಂಧಿ ಬಜಾರಿನಲ್ಲೋ "ಐದೇ ನಿಮಿಷ" ಅಂತ ಮಲಗಿದ ಮಗುವನ್ನು ಕಾರಲ್ಲಿ ಬಿಟ್ಟು ಇಳಿಯುವವರನ್ನು ನಾನು ನೋಡಿದ್ದೇನೆ. ಆ ಐದು ನಿಮಿಷ ಅಂಗಡಿ ಕೌಂಟರಿನಲ್ಲಿ ಇಪ್ಪತ್ತಾಗುತ್ತದೆ.

ನೆರಳಲ್ಲಿ ನಿಲ್ಲಿಸಿದರೆ? 2018ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬಿಸಿಲು ಮತ್ತು ನೆರಳು ಎರಡರಲ್ಲೂ ಕಾರು ನಿಲ್ಲಿಸಿ ಅಳೆದರು. ಅಲ್ಲಿಯ ಬೇಸಿಗೆ ನಮ್ಮದಕ್ಕಿಂತ ಜೋರು. ಎರಡು ವರ್ಷದ ಮಗುವಿನ ಮೈಬಿಸಿ ಅಪಾಯದ ಮಟ್ಟ ಮುಟ್ಟಲು ಬಿಸಿಲಲ್ಲಿ ಸುಮಾರು ಒಂದು ಗಂಟೆ ಬೇಕು, ನೆರಳಲ್ಲಿ ಸುಮಾರು ಎರಡು ಗಂಟೆ ಅಂತ ಲೆಕ್ಕ ಸಿಕ್ಕಿತು. ಅಂದರೆ ನೆರಳು ಸಾವನ್ನು ಸ್ವಲ್ಪ ಮುಂದಕ್ಕೆ ಹಾಕುತ್ತದೆ, ಅಷ್ಟೇ. ನೆರಳು ಸರಿಯುತ್ತದೆ ಅನ್ನುವುದನ್ನೂ ಮರೆಯಬೇಡಿ. ಹನ್ನೊಂದಕ್ಕೆ ಹಲಸಿನ ಮರದ ಕೆಳಗಿದ್ದ ಕಾರು ಒಂದು ಗಂಟೆಗೆ ಪೂರ್ತಿ ಬಿಸಿಲಲ್ಲಿರುತ್ತದೆ.

ಮಗುವಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಅದರ ಚರ್ಮ ಜಾಸ್ತಿ, ಬೆವರುವ ಶಕ್ತಿ ಕಡಿಮೆ. ನಮ್ಮ ಕಡೆ ಹವೆಯಲ್ಲಿ ತೇವ ಬೇರೆ ಇರುತ್ತದೆ. ಮುಚ್ಚಿದ ಕಾರಿನೊಳಗೆ ಮಗುವಿನದೇ ಉಸಿರು, ಬೆವರು ಸೇರಿ ಅದು ಇನ್ನೂ ಏರುತ್ತದೆ. ಆಗ ಬಂದ ಬೆವರೂ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮೈಬಿಸಿ 40 ಡಿಗ್ರಿ ದಾಟಿದರೆ ಮಿದುಳು ತಡೆದುಕೊಳ್ಳಲಾರದು. 42ರ ಹತ್ತಿರ ಬಂದರೆ ಒಳಗಿನ ಅಂಗಗಳು ಒಂದೊಂದಾಗಿ ಕೈಬಿಡುತ್ತವೆ. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದಿಲ್ಲ. ಇಲ್ಲಿ ಮಕ್ಕಳೂ ಕೂತಿದ್ದಾರೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಹೆತ್ತವರು ಮಗುವನ್ನು ಕಾರಿನಲ್ಲಿ ಮರೆಯುವುದುಂಟಾ? ಉಂಟು. ಅಮೆರಿಕದಲ್ಲಿ ಹವಾಮಾನ ತಜ್ಞ ಜಾನ್ ನಲ್ ಅವರು 1998ರಿಂದಲೂ ಇಂಥ ಸಾವುಗಳ ಲೆಕ್ಕ ಇಟ್ಟಿದ್ದಾರೆ. ವರ್ಷಕ್ಕೆ ಸರಾಸರಿ 37ರಷ್ಟು, ಈವರೆಗೆ ಸುಮಾರು ಸಾವಿರ ಮಕ್ಕಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ದೊಡ್ಡವರು ಮರೆತು ಬಿಟ್ಟದ್ದು. ಸುಮಾರು ಕಾಲು ಭಾಗ ಮಕ್ಕಳೇ ಒಳಗೆ ಹೋದದ್ದು. ಡೇವಿಡ್ ಡೈಮಂಡ್ ಎಂಬ ನರವಿಜ್ಞಾನಿ ಇಂಥ ಹೆತ್ತವರ ಬಗ್ಗೆ ತುಂಬಾ ವರ್ಷ ಕೆಲಸ ಮಾಡಿದ್ದಾರೆ. ಅವರು ಹೇಳುವುದು ಹೀಗೆ. ದಿನಾ ಹೋಗುವ ದಾರಿಯಲ್ಲಿ ಕಾರು ಓಡಿಸುವಾಗ ಮಿದುಳಿನ ಅಭ್ಯಾಸದ ಭಾಗವೇ ಕೆಲಸ ನಡೆಸಿಬಿಡುತ್ತದೆ. "ಇವತ್ತು ಮಗೂನ ಬಿಟ್ಟು ಹೋಗಬೇಕು" ಎಂದು ನೆನಪಿಡುವುದು ಬೇರೆ ಭಾಗದ ಕೆಲಸ. ನಿದ್ದೆಗೆಟ್ಟಿದ್ದರೆ, ತಲೆಬಿಸಿ ಇದ್ದರೆ, ದಿನದ ಕ್ರಮ ಬದಲಾಗಿದ್ದರೆ ಅಭ್ಯಾಸವೇ ಗೆಲ್ಲುತ್ತದೆ. ಮಗು ಹಿಂದೆ ನಿದ್ದೆ ಮಾಡಿದ್ದರೆ ನೆನಪಿಸಲು ಒಂದು ಸದ್ದೂ ಇರುವುದಿಲ್ಲ. ಶಾಲೆಗೋ ಬ್ಯಾಂಕಿಗೋ ಕಾರಿನಲ್ಲಿ ಹೋಗುತ್ತಾ ದಾರಿಯಲ್ಲಿ ಮಗುವನ್ನು ಬಿಟ್ಟು ಹೋಗುವ ಅಪ್ಪ ಅಮ್ಮಂದಿರು ಈಗ ನಮ್ಮಲ್ಲೂ ಇದ್ದಾರೆ. ನಮಗೆ ಹಾಗೆಲ್ಲ ಆಗೋದಿಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಪರ್ಸೋ ಮೊಬೈಲೋ ಮಗುವಿನ ಪಕ್ಕ ಹಿಂದಿನ ಸೀಟಿನಲ್ಲಿ ಇಡಿ. ಇಳಿಯುವಾಗ ಹಿಂದಿನ ಡೋರ್ ತೆಗೆಯಲೇಬೇಕಾಗುತ್ತದೆ.

ಇಟಲಿ ದೇಶದಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳ ಸೀಟಿಗೆ ಎಚ್ಚರಿಸುವ ಸಾಧನ ಇರಲೇಬೇಕು ಎಂದು 2019ರಿಂದ ಕಾನೂನಿದೆ. ಮರೆವಿಗೆ ಬುದ್ಧಿವಾದ ಮದ್ದಲ್ಲ ಅಂತ ಅವರಿಗೆ ಅರ್ಥವಾಯಿತು.

ಹಾಗಂತ ಎಲ್ಲವನ್ನೂ ಮರೆವು ಅನ್ನಲು ನಾನು ತಯಾರಿಲ್ಲ. ಗೊತ್ತಿದ್ದೂ ಮಗುವನ್ನು ಒಳಗೆ ಬಿಟ್ಟು ಹೋಗುವುದು ನಿರ್ಲಕ್ಷ್ಯವೇ. ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಮಗುವಿನ ಹೊಣೆ ಹೊತ್ತವರು ಅದಕ್ಕೆ ನೋವಾಗುವ ಹಾಗೆ ಬೇಕೆಂದೇ ಅಲಕ್ಷ್ಯ ಮಾಡಿದರೆ ಮೂರು ವರ್ಷದವರೆಗೆ ಜೈಲು ಆಗಬಹುದು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಇದೆ, ಐದು ವರ್ಷದವರೆಗೆ ಶಿಕ್ಷೆ. ಆದರೆ ಮಗುವನ್ನು ಕಳೆದುಕೊಂಡ ಮನೆಯ ಮುಂದೆ ನಿಂತು "ಎಂಥಾ ತಾಯಿ ಇವಳು" ಅನ್ನುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆ ಏಪ್ರಿಲ್‌ನಲ್ಲಿ ಐದಾರು ನಿಮಿಷ ನಾನೂ ಆ ಜಾಗದಲ್ಲೇ ನಿಂತಿದ್ದೆ.

ಶಾಲೆ ವ್ಯಾನಿನ ಬಗ್ಗೆ ಹೇಳಲೇಬೇಕು. ಒಂಟಿ ಮನೆಗಳ ಮಕ್ಕಳು ಬೆಳಿಗ್ಗೆ ಏಳಕ್ಕೇ ಓಮ್ನಿ ಹತ್ತುತ್ತಾರೆ, ಘಾಟಿ ತಿರುವುಗಳಲ್ಲಿ ನಿದ್ದೆ ಹೋಗುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಕತಾರ್ ದೇಶದಲ್ಲಿ ನಮ್ಮ ಕೇರಳ ಮೂಲದ ನಾಲ್ಕು ವರ್ಷದ ಹುಡುಗಿ ಶಾಲೆ ಬಸ್ಸಿನಲ್ಲೇ ಉಳಿದು ತೀರಿಕೊಂಡಳು. ಅದು ಅವಳ ಹುಟ್ಟುಹಬ್ಬದ ದಿನ. ಅದೇ ತಿಂಗಳು ಜಪಾನಿನಲ್ಲೂ ಮೂರು ವರ್ಷದ ಮಗು ಶಿಶುವಿಹಾರದ ಬಸ್ಸಿನಲ್ಲಿ ಸತ್ತಿತು. ಜಪಾನಿನವರು 2023ರ ಏಪ್ರಿಲ್‌ನಿಂದ ಇಂಥ ಬಸ್ಸುಗಳಿಗೆ ಮಕ್ಕಳು ಉಳಿಯದಂತೆ ಎಚ್ಚರಿಸುವ ಸಾಧನ ಕಡ್ಡಾಯ ಮಾಡಿದರು. ಅದರಲ್ಲಿ ಒಂದು ಬಗೆ ಹೀಗಿದೆ: ಇಂಜಿನ್ ನಿಲ್ಲಿಸಿದರೆ ಗಂಟೆ ಬಡಿದುಕೊಳ್ಳುತ್ತದೆ, ಅದನ್ನು ನಿಲ್ಲಿಸುವ ಗುಂಡಿ ಬಸ್ಸಿನ ಕೊನೆಯಲ್ಲಿರುತ್ತದೆ. ಡ್ರೈವರ್ ಕೊನೆಯ ಸೀಟಿನವರೆಗೆ ನಡೆದು ಹೋಗದೆ ಬೇರೆ ದಾರಿ ಇಲ್ಲ. ನಮ್ಮ ವ್ಯಾನ್ ಅಣ್ಣಂದಿರಿಗೆ ಗಂಟೆ ಬೇಡ, ಆ ನಡಿಗೆ ಒಂದು ಸಾಕು. ಮಗು ಬರದಿದ್ದರೆ ಒಂಬತ್ತೂವರೆ ಒಳಗೆ ಮನೆಗೆ ಫೋನ್ ಮಾಡುವುದು ಟೀಚರ್ ಕೆಲಸ. ಇಷ್ಟನ್ನು ಈ ಶಾಲೆಯಲ್ಲಿ ನಾಳೆಯಿಂದಲೇ ಶುರು ಮಾಡಬಹುದು.

ಮಗು ಒಳಗೆ ಸಿಕ್ಕಿಕೊಂಡದ್ದು ಕಂಡರೆ ಕೀ ಹುಡುಕುತ್ತಾ ಮನೆಯೆಲ್ಲ ತಿರುಗಬೇಡಿ. ಅದು ಮಂಕಾಗಿದ್ದರೆ ಗಾಜು ಒಡೆಯಿರಿ. ಮುಂದಿನ ದೊಡ್ಡ ಗಾಜು ಪದರದ್ದು, ಸುಲಭಕ್ಕೆ ಒಡೆಯುವುದಿಲ್ಲ. ಮಗುವಿನಿಂದ ದೂರ ಇರುವ ಪಕ್ಕದ ಗಾಜಿನ ಮೂಲೆಗೆ ಹಾರೆಯಿಂದಲೋ ಕಲ್ಲಿನಿಂದಲೋ ಹೊಡೆಯಿರಿ. ಬೇರೆಯವರ ಕಾರು ಅಂತ ಹಿಂಜರಿಯಬೇಡಿ. ದೊಡ್ಡ ಅನಾಹುತ ತಪ್ಪಿಸಲು ಒಳ್ಳೆಯ ಮನಸ್ಸಿನಿಂದ ಮಾಡಿದ ನಷ್ಟ ಅಪರಾಧವಲ್ಲ ಎಂದು ನ್ಯಾಯ ಸಂಹಿತೆಯ 19ನೇ ಸೆಕ್ಷನ್ನೇ ಹೇಳುತ್ತದೆ.

ಹೊರಗೆ ತೆಗೆದ ಮೇಲೆ 108ಕ್ಕೆ ಫೋನ್ ಮಾಡಿ. ಆದರೆ ಆಂಬುಲೆನ್ಸ್ ಬರಲಿ ಅಂತ ಕಾಯುತ್ತಾ ಕೂರಬೇಡಿ. ನಮ್ಮ ಊರುಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದೇ ಗುಡ್ಡ ಹತ್ತಿದರೆ. ಇಲ್ಲಿಂದ ಶಿವಮೊಗ್ಗಕ್ಕೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತಿದೆ. ತಣಿಸುವ ಕೆಲಸ ಅಲ್ಲೇ ಅಂಗಳದಲ್ಲೇ ಶುರುವಾಗಬೇಕು. ಬಟ್ಟೆ ಪೂರ್ತಿ ತೆಗೆಯಿರಿ. ಮೈಮೇಲೆಲ್ಲ ತಣ್ಣೀರು ಹಾಕುತ್ತಾ ಗಾಳಿ ಬೀಸಿ, ಮೊರವಾದರೂ ಸರಿ. ಫ್ರಿಜ್ಜಿನ ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ, ತೊಡೆ ಸಂದಿಯಲ್ಲಿ ಇಡಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಜ್ವರದ ಸಿರಪ್ ಕೂಡ ಬೇಡ. ಇದು ಜ್ವರದ ಬಿಸಿ ಅಲ್ಲ, ಆ ಔಷಧಿ ಇಲ್ಲಿ ಕೆಲಸ ಮಾಡುವುದಿಲ್ಲ. ಗಾಡಿಯಲ್ಲಿ ಕರೆದುಕೊಂಡು ಹೋಗುವಾಗಲೂ ನೀರು, ಗಾಳಿ ನಿಲ್ಲಿಸಬೇಡಿ.

ಸಮಾರಂಭದ ದಿನ ಮಗುವಿನ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸಿ. ಒಪ್ಪಿಸಿಕೊಂಡವರು ಬೇರೆಯವರಿಗೆ ಕೊಡುವಾಗ ಬಾಯಿ ಬಿಟ್ಟು ಹೇಳಿ, "ಈಗ ನಿಮ್ಮ ಹತ್ರ" ಅಂತ. ಅವರು "ಹೂಂ" ಅಂದ ಮೇಲೇ ಕದಲಿ. ಮಗು ಕಾಣದಿದ್ದರೆ ಬಾವಿ, ಕೆರೆ, ಜೊತೆಗೇ ಅಲ್ಲಿ ನಿಂತ ಎಲ್ಲ ಗಾಡಿ, ಡಿಕ್ಕಿ ಸಮೇತ. ಮೂರಕ್ಕೂ ಒಟ್ಟಿಗೇ ಮೂರು ಜನ ಓಡಿ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಎದ್ದು "ಡಾಕ್ಟ್ರೇ, ಕಷ್ಟಪಟ್ಟು ಮಲಗಿಸಿರ್ತೀವಿ. ಎಬ್ಬಿಸಿದ್ರೆ ಗಲಾಟೆ ಮಾಡುತ್ತೆ. ಆಗಲೂ ಎಬ್ಬಿಸಬೇಕಾ?" ಎಂದು ಕೇಳಿದರು. ಎಬ್ಬಿಸಿ ಎಂದೆ. ಅಳಲಿ.

ಆಮೇಲೆ ಎಲ್ಲರೂ ಮೈದಾನಕ್ಕೆ ಹೋದೆವು. ನನ್ನ ಕಾರು ಮತ್ತು ಪೋಷಕರೊಬ್ಬರ ಕಾರು ಅಲ್ಲೇ ನಿಂತಿದ್ದವು. ಮಕ್ಕಳನ್ನು ಇಬ್ಬಿಬ್ಬರಾಗಿ ಹಿಂದಿನ ಸೀಟಿನಲ್ಲಿ ಕೂರಿಸಿ, ಹೊರಗೆ ಬರುವುದು ಹೇಗೆ ಅಂತ ಮಾಡಿಸಿದೆವು. ಹಿಂದಿನ ಡೋರ್ ತೆಗೆಯದಿದ್ದರೆ ಸೀಟುಗಳ ನಡುವೆ ನುಸುಳಿ ಮುಂದೆ ಬರಬೇಕು. ಮುಂದಿನ ಡೋರುಗಳಿಗೆ ಚೈಲ್ಡ್ ಲಾಕ್ ಇರುವುದಿಲ್ಲ. ಅದೂ ಬರದಿದ್ದರೆ ಹಾರ್ನ್ ಒತ್ತಿ ಹಿಡಿಯಬೇಕು. ಎಷ್ಟೋ ಕಾರುಗಳಲ್ಲಿ ಕೀ ಇಲ್ಲದಿದ್ದರೂ ಹಾರ್ನ್ ಕೂಗುತ್ತದೆ. ನಿಮ್ಮದರಲ್ಲಿ ಕೂಗುತ್ತದಾ ಅಂತ ಇವತ್ತೇ ನೋಡಿ.

ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಅಪ್ಪನದೇ ಕಾರಿನಲ್ಲಿ ಕೂತು ಹಿಂದಿನ ಹಿಡಿಕೆಯನ್ನು ಎರಡೂ ಕೈಯಿಂದ ಎಳೆದಳು. ಬರಲಿಲ್ಲ. ಅಪ್ಪ ಹೊರಗಿನಿಂದ ಡೋರ್ ತೆಗೆದು ಅದರ ಅಂಚಿನಲ್ಲಿದ್ದ ಸಣ್ಣ ಗುಬಟು ನೋಡಿದರು. ಚೈಲ್ಡ್ ಲಾಕ್ ಹಾಕಿತ್ತು. ಕಾರು ತಗೊಂಡು ಎರಡು ವರ್ಷ ಆಗಿತ್ತಂತೆ. ಅದು ಹಾಕಿದೆ ಅಂತ ಅವರಿಗೆ ಆವತ್ತೇ ಗೊತ್ತಾದದ್ದು. ಅವರು ಏನೂ ಮಾತಾಡದೆ ಮಗಳನ್ನು ಮತ್ತೆ ಹಿಂದಿನ ಸೀಟಿನಲ್ಲಿ ಕೂರಿಸಿ, ಡೋರ್ ಹಾಕಿ, ಮುಂದಿನ ಗಾಜಿನ ಹತ್ತಿರ ಬಗ್ಗಿ ನಿಂತರು. "ಮುಂದೆ ಬಾ ಪುಟ್ಟಿ, ಹೀಗ್ ಬಾ" ಎಂದು ಕೈ ತೋರಿಸಿದರು. ಎರಡನೇ ಸಲಕ್ಕೆ ಅವಳು ಬಂದಳು. ಅವರು ಮೂರನೇ ಸಲವೂ ಮಾಡಿಸಿದರು.